ಸೆನೆಟರ್ ಮೇರಿ ರಾಬಿನ್ಸನ್, 1969–1989: ಐರ್ಲೆಂಡಿನ ಮೇಲ್ಮನೆಯ ಚರ್ಚೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬ ಮೇಲ್ಮನೆ ಸದಸ್ಯರ ಮಾತಿನಿಂದ ಕಾನೂನು ಬದಲಾಗುತ್ತದೆಯೇ ಎಂಬ ಪ್ರಶ್ನೆ ಬಂದಾಗಲೆಲ್ಲ ನಾನು ಐರ್ಲೆಂಡಿನ ಮೇರಿ ರಾಬಿನ್ಸನ್ ಅವರ ಉದಾಹರಣೆ ಕೊಡುತ್ತೇನೆ. ಆ ಉದಾಹರಣೆ ಕೇಳಿದವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮರಳಿ ಮರಳಿ ಎತ್ತಿದ ಪ್ರಶ್ನೆಗಳನ್ನು, ಸಾಧ್ಯವಾದಷ್ಟೂ ಅವರದೇ ಮಾತಿನಲ್ಲಿ, ಸುಲಭವಾದದ್ದರಿಂದ ಬಿಗಿಯಾದದ್ದರ ಕಡೆಗೆ ಇಲ್ಲಿ ಜೋಡಿಸಲಾಗಿದೆ.

## ಮೊದಲ ಪರಿಚಯ

ಮೇರಿ ರಾಬಿನ್ಸನ್ ಅಂದರೆ ಐರ್ಲೆಂಡಿನ ಅಧ್ಯಕ್ಷೆ ಆಗಿದ್ದವರಲ್ಲವೇ? ಅವರು ಸೆನೆಟರ್ ಆಗಿದ್ದು ಯಾವಾಗ?

ಅವರೇ. 1990ರ ಡಿಸೆಂಬರ್ 3ರಂದು ಐರ್ಲೆಂಡಿನ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಅಧಿಕಾರ ವಹಿಸಿಕೊಂಡರು. 1997ರಿಂದ 2002ರವರೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಆಗಿದ್ದರು. ಹೊರಜಗತ್ತಿಗೆ ಪರಿಚಯವಿರುವುದು ಈ ಎರಡು ಹುದ್ದೆಗಳು ಮಾತ್ರ. ಅದಕ್ಕೂ ಹಿಂದೆ, 1969ರಿಂದ 1989ರವರೆಗೆ ಸರಿಯಾಗಿ ಇಪ್ಪತ್ತು ವರ್ಷ ಅವರು ಐರಿಷ್ ಸಂಸತ್ತಿನ ಮೇಲ್ಮನೆಯ ಸದಸ್ಯೆಯಾಗಿದ್ದರು. ಅದೇ ಅವಧಿಯಲ್ಲಿ ವಕೀಲಿಕೆಯನ್ನೂ ಮಾಡುತ್ತಿದ್ದರು, ಟ್ರಿನಿಟಿ ಕಾಲೇಜಿನಲ್ಲಿ ಕಾನೂನು ಪಾಠವನ್ನೂ ಹೇಳುತ್ತಿದ್ದರು. ಅಧ್ಯಕ್ಷರ ಹುದ್ದೆ ಬಹುಮಟ್ಟಿಗೆ ಅಲಂಕಾರದ್ದು. ಸಾರ್ವಜನಿಕ ನೀತಿಯ ಮೇಲೆ ಅವರು ನಿಜವಾಗಿ ವಾದ ಮಾಡಿದ್ದು ಆ ಇಪ್ಪತ್ತು ವರ್ಷಗಳಲ್ಲಿ ಎಂಬುದು ನನ್ನ ಅಭಿಪ್ರಾಯ.

ಐರ್ಲೆಂಡಿನ ಸೆನೆಟ್ ನಮ್ಮ ರಾಜ್ಯಸಭೆ ಇದ್ದ ಹಾಗೋ, ವಿಧಾನ ಪರಿಷತ್ತು ಇದ್ದ ಹಾಗೋ?

ಅಧಿಕಾರದ ದೃಷ್ಟಿಯಿಂದ ವಿಧಾನ ಪರಿಷತ್ತಿಗೆ ಹತ್ತಿರ. ಐರಿಷ್ ಭಾಷೆಯಲ್ಲಿ ಅದರ ಹೆಸರು ಶಾನಡ್. ಜನ ನೇರವಾಗಿ ಆರಿಸುವ ಕೆಳಮನೆಯ ಹೆಸರು ಡಾಲ್. ಎರಡೂ ಡಬ್ಲಿನ್ ನಗರದ ಲೀನ್‌ಸ್ಟರ್ ಹೌಸ್ ಎಂಬ ಹಳೆಯ ಡ್ಯೂಕ್ ಬಂಗಲೆಯಲ್ಲಿ ಸೇರುತ್ತವೆ. ಶಾನಡ್‌ನಲ್ಲಿ 60 ಸದಸ್ಯರು: 43 ಮಂದಿ ಕೃಷಿ, ಕಾರ್ಮಿಕ, ಆಡಳಿತ ಮೊದಲಾದ ಐದು ವೃತ್ತಿ ಪಟ್ಟಿಗಳಿಂದ, 11 ಮಂದಿ ಪ್ರಧಾನಿಯ ನಾಮನಿರ್ದೇಶನದಿಂದ, ಉಳಿದ 6 ಮಂದಿ ವಿಶ್ವವಿದ್ಯಾಲಯಗಳ ಪದವೀಧರರ ಮತದಿಂದ ಬರುತ್ತಾರೆ. ವೃತ್ತಿ ಪಟ್ಟಿಗಳೆಂದರೂ ಅಲ್ಲಿ ಮತ ಹಾಕುವವರು ಸಂಸತ್ ಸದಸ್ಯರು ಮತ್ತು ಸ್ಥಳೀಯ ಸಂಸ್ಥೆಗಳ ಸದಸ್ಯರೇ ಆದ್ದರಿಂದ, ಆ ಸ್ಥಾನಗಳು ಪಕ್ಷಗಳ ಕೈಯಲ್ಲೇ ಉಳಿಯುತ್ತವೆ.

ಡಾಲ್ ಅಂಗೀಕರಿಸಿದ ಮಸೂದೆಯನ್ನು ಶಾನಡ್ ಶಾಶ್ವತವಾಗಿ ತಡೆಯಲಾಗದು. ಸಾಮಾನ್ಯ ಮಸೂದೆಗೆ 90 ದಿನ, ಹಣಕಾಸಿನ ಮಸೂದೆಗೆ 21 ದಿನ. ಅಷ್ಟು ಕಳೆದ ಮೇಲೆ ಕೆಳಮನೆಯ ಮಾತೇ ನಡೆಯುತ್ತದೆ. ಹಾಗಾಗಿ ಅಲ್ಲಿನ ಸದಸ್ಯರಿಗೆ ಉಳಿಯುವ ಆಯುಧ ಮಾತು, ತಿದ್ದುಪಡಿ ಮತ್ತು ಖಾಸಗಿ ಮಸೂದೆ. ರಾಬಿನ್ಸನ್ ಮೂರನೆಯದನ್ನು ಬಳಸಿದಷ್ಟು ಹಟದಿಂದ ಬಳಸಿದವರು ಕಡಿಮೆ.

ಇಪ್ಪತ್ತೈದನೇ ವಯಸ್ಸಿಗೇ ಅಲ್ಲಿಗೆ ಹೇಗೆ ಹೋದರು? ಯಾವ ಪಕ್ಷ ಟಿಕೆಟ್ ಕೊಟ್ಟಿತು?

ಯಾವ ಪಕ್ಷವೂ ಕೊಡಲಿಲ್ಲ. 1944ರ ಮೇ 21ರಂದು ಪಶ್ಚಿಮದ ಮೇಯೊ ಜಿಲ್ಲೆಯ ಬಲಿನಾ ಊರಿನಲ್ಲಿ, ಇಬ್ಬರೂ ವೈದ್ಯರಾಗಿದ್ದ ತಂದೆತಾಯಿಗೆ, ನಾಲ್ವರು ಗಂಡುಮಕ್ಕಳ ನಡುವೆ ಒಬ್ಬಳೇ ಹೆಣ್ಣುಮಗಳಾಗಿ ಹುಟ್ಟಿದ ಅವರು, ಟ್ರಿನಿಟಿಯಲ್ಲಿ ಕಾನೂನು ಓದಿ, 1968ರಲ್ಲಿ ಹಾರ್ವರ್ಡ್‌ನಿಂದ ಸ್ನಾತಕೋತ್ತರ ಪದವಿ ಪಡೆದು ಊರಿಗೆ ಮರಳಿದ್ದರು. ಮರುವರ್ಷ ಡಬ್ಲಿನ್ ವಿಶ್ವವಿದ್ಯಾಲಯದ (ಟ್ರಿನಿಟಿ ಅದರದೇ ಕಾಲೇಜು) ಪದವೀಧರ ಕ್ಷೇತ್ರದ ಮೂರು ಸ್ಥಾನಗಳಲ್ಲಿ ಒಂದಕ್ಕೆ ಪಕ್ಷೇತರರಾಗಿ ನಿಂತು ಗೆದ್ದರು.

ಈ ಚುನಾವಣೆಯ ಬಗೆ ನಮ್ಮವರಿಗೆ ಹೊಸದಲ್ಲ. ಕರ್ನಾಟಕದ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ, ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆದದ್ದು ನೆನಪಿರುತ್ತದೆ. ಪ್ರಾಶಸ್ತ್ಯದ ಅದೇ ಪದ್ಧತಿ ಅಲ್ಲಿಯೂ ಇದೆ. ಆದರೆ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ, ಅಂಚೆಯಲ್ಲೇ ಮರಳುತ್ತದೆ. ಮುಖ್ಯವಾದ ಮಾತೆಂದರೆ, ಟಿಕೆಟ್‌ಗಾಗಿ ಯಾರ ಮನೆ ಬಾಗಿಲನ್ನೂ ಕಾಯಬೇಕಿಲ್ಲದ, ವಿಪ್‌ಗೆ ಅಂಜಬೇಕಿಲ್ಲದ ಸ್ಥಾನವದು. ಮುಂದಿನ ಎಷ್ಟೋ ಸಂಗತಿಗಳಿಗೆ ಈ ಸ್ವಾತಂತ್ರ್ಯವೇ ಆಧಾರ.

## ಮಸೂದೆಗಳು

ಗರ್ಭನಿರೋಧಕದ ಮಸೂದೆ ಅಂತ ಅಷ್ಟೊಂದು ಹೇಳುತ್ತಾರೆ. ಅದರಲ್ಲಿ ಅಂಥದ್ದೇನಿತ್ತು?

ಈಗ ಓದಿದರೆ ಅಂಥದ್ದೇನೂ ಇಲ್ಲ. ಅದು ಏನನ್ನು ಎದುರಿಸಿತ್ತು ಎಂಬುದನ್ನು ನೋಡಬೇಕು. 1935ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯ 17ನೇ ಕಲಂ ಗರ್ಭನಿರೋಧಕ ಸಾಧನಗಳ ಮಾರಾಟವನ್ನೂ ಆಮದನ್ನೂ ಅಪರಾಧವಾಗಿಸಿತ್ತು. ಅವುಗಳ ಪರವಾಗಿ ಬರೆದದ್ದನ್ನು ಅಚ್ಚು ಹಾಕುವುದನ್ನು 1929 ಮತ್ತು 1946ರ ಪ್ರಕಟಣೆಗಳ ಸೆನ್ಸಾರ್ ಕಾಯ್ದೆಗಳು ತಡೆದಿದ್ದವು. ಬಳಸುವುದು ಅಪರಾಧವಲ್ಲ, ಕೊಳ್ಳುವುದಕ್ಕೆ ಮಾತ್ರ ದಾರಿಯಿಲ್ಲ! ಇದರಿಂದಾಗಿ ಮಾತ್ರೆ ಬೇಕಾದ ಹೆಂಗಸಿಗೆ ವೈದ್ಯರು ಚೀಟಿಯಲ್ಲಿ ಋತುಚಕ್ರ ಸರಿಪಡಿಸುವ ಔಷಧಿ ಎಂದು ಬರೆದುಕೊಡುತ್ತಿದ್ದರು. ಚೀಟಿ ಬರೆಯುವ ವೈದ್ಯರಿಗೂ ಮಾತ್ರೆ ಕೊಡುವ ಅಂಗಡಿಯವರಿಗೂ ನಿಜ ಗೊತ್ತಿತ್ತು. ಅಂಥ ವೈದ್ಯರ ಪರಿಚಯವಿಲ್ಲದ ಬಡ ಹೆಂಗಸರಿಗೆ ಆ ದಾರಿಯೂ ಇರಲಿಲ್ಲ.

1971ರಲ್ಲಿ ರಾಬಿನ್ಸನ್, ಜಾನ್ ಹೋರ್ಗನ್ ಮತ್ತು ಟ್ರೆವರ್ ವೆಸ್ಟ್ ಎಂಬ ಮೂವರು ಸೆನೆಟರ್‌ಗಳು ಆ ನಿಷೇಧವನ್ನು ತೆಗೆಯುವ ಮಸೂದೆಯನ್ನು ತಂದರು. ಡಬ್ಲಿನ್‌ನ ಆರ್ಚ್‌ಬಿಷಪ್ ಜಾನ್ ಚಾರ್ಲ್ಸ್ ಮೆಕ್ವೇಡ್ ಅದೇ ವರ್ಷದ ಮಾರ್ಚ್‌ನಲ್ಲಿ ಚರ್ಚುಗಳಲ್ಲಿ ಓದಿಸಿದ ಪತ್ರದಲ್ಲಿ, ಅಂಥ ಕಾನೂನು ದೇಶಕ್ಕೆ ತಟ್ಟುವ ಶಾಪ ಎಂಬರ್ಥದ ಮಾತು ಹೇಳಿದರು. ಶಾಸಕರಲ್ಲಿ ಹೆಚ್ಚಿನವರು ಭಾನುವಾರ ಅದೇ ಚರ್ಚುಗಳಲ್ಲಿ ಕೂರುವವರು. ಇನ್ನು ರಾಬಿನ್ಸನ್ ಅವರ ಮನೆಗೆ ಬಂದ ನಿಂದನೆಯ ಪತ್ರಗಳಂತೂ ಸಾಕಷ್ಟಿದ್ದವು.

ಓದಲಿಕ್ಕೇ ಸಿಗದ ಮಸೂದೆಯ ಮೇಲೆ ಮತ ಹಾಕಿದರಂತೆ, ನಿಜವೇ?

ನಿಜ, ಮತ್ತು ಈ ಕಥೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡ ಭಾಗವೇ ಇದು. ಮಸೂದೆಯೊಂದು ಹಲವು ಹಂತ ದಾಟಬೇಕು: ಪ್ರಥಮ ವಾಚನ, ತತ್ತ್ವಗಳ ಮೇಲಿನ ದ್ವಿತೀಯ ವಾಚನ, ಕಲಂ ಕಲಂ ಚರ್ಚಿಸುವ ಸಮಿತಿ ಹಂತ, ವರದಿ ಹಂತ, ಕೊನೆಗೆ ಅಂಗೀಕಾರ. ಪ್ರಥಮ ವಾಚನವೆಂದರೆ ಬಹುತೇಕ ಶಿಷ್ಟಾಚಾರ. ಸದನ ಅನುಮತಿ ಕೊಡುತ್ತದೆ, ಮಸೂದೆ ಅಚ್ಚಾಗುತ್ತದೆ, ಸದಸ್ಯರ ಕೈ ಸೇರುತ್ತದೆ. ಚರ್ಚೆ ಅಲ್ಲಿಂದಾಚೆಗೆ.

1971ರಲ್ಲಿ ಈ ಶಿಷ್ಟಾಚಾರವನ್ನೇ ಗೋಡೆಯಾಗಿಸಲಾಯಿತು. ಮಸೂದೆಯ ಹೆಸರು ಕಾರ್ಯಸೂಚಿಯ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಕೂತಿತು. ಸರ್ಕಾರದ ಕಡೆಯವರು ಅದನ್ನು ಕೈಗೆತ್ತಿಕೊಳ್ಳಲು ಬಿಡಲಿಲ್ಲ. ಕೊನೆಗೆ ಜುಲೈನಲ್ಲಿ ಮತಕ್ಕೆ ಬಂದಾಗ ಪ್ರಥಮ ವಾಚನಕ್ಕೇ ಅನುಮತಿ ನಿರಾಕರಿಸಲಾಯಿತು. ಅನುಮತಿ ಇಲ್ಲದ ಮೇಲೆ ಮುದ್ರಣವೂ ಇಲ್ಲ. ಅಂದರೆ, ಒಳಗೆ ಏನು ಬರೆದಿದೆ ಎಂದು ಅಧಿಕೃತವಾಗಿ ಯಾರೂ ಕಾಣದ ಕಾಗದವನ್ನು ಸದನ ತಿರಸ್ಕರಿಸಿತು. ಮಸೂದೆಯನ್ನು ಚರ್ಚಿಸಿ ಸೋಲಿಸಿದ್ದರೆ ವಿರೋಧಿಸಿದವರ ಕಾರಣಗಳಾದರೂ ನಡಾವಳಿಯಲ್ಲಿ ದಾಖಲಾಗುತ್ತಿದ್ದವು. ಆ ಕಾರಣಗಳನ್ನು ಬಾಯಿಬಿಟ್ಟು ಹೇಳುವ ಮುಜುಗರವನ್ನು ತಪ್ಪಿಸುವುದೇ ಉದ್ದೇಶವಾಗಿತ್ತೆಂದು ಊಹಿಸಲು ಹೆಚ್ಚು ಬುದ್ಧಿ ಬೇಡ.

ಹೆಂಗಸರು ರೈಲಿನಲ್ಲಿ ಬೆಲ್‌ಫಾಸ್ಟ್‌ಗೆ ಹೋಗಿ ಗರ್ಭನಿರೋಧಕ ತಂದರಲ್ಲ, ಆ ಹೋರಾಟದ ನಾಯಕಿಯೂ ಇವರೇನಾ?

ಅಲ್ಲ. ಇವೆರಡನ್ನೂ ಬೆರೆಸಿ ಹೇಳುವವರು ಬಹಳ. 1971ರ ಮೇ 22ರಂದು ಡಬ್ಲಿನ್‌ನಿಂದ, ಬ್ರಿಟನ್ನಿನ ಆಡಳಿತದಲ್ಲಿದ್ದು ಈ ನಿಷೇಧವಿಲ್ಲದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ರೈಲು ಹತ್ತಿದವರು ಐರಿಷ್ ಮಹಿಳಾ ವಿಮೋಚನಾ ಚಳವಳಿಯ ಕಾರ್ಯಕರ್ತೆಯರು. ಅಲ್ಲಿನ ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಮಾತ್ರೆ ಸಿಗದೆ, ಬದಲಿಗೆ ಆಸ್ಪಿರಿನ್ ಕೊಂಡು, ವಾಪಸು ಬಂದಾಗ ಸುಂಕದವರ ಮುಂದೆ ಅದನ್ನೇ ಗರ್ಭನಿರೋಧಕ ಮಾತ್ರೆಯೆಂದು ಎತ್ತಿ ಹಿಡಿದರು. ಅಧಿಕಾರಿಗಳಿಗೆ ವ್ಯತ್ಯಾಸ ತಿಳಿಯಲಿಲ್ಲ, ಯಾರನ್ನೂ ಬಂಧಿಸಲಿಲ್ಲ. ರಾಬಿನ್ಸನ್ ಆ ರೈಲಿನಲ್ಲಿ ಇರಲಿಲ್ಲ. ಅವರು ಕಾನೂನಿನ ಭಾಷೆಯಲ್ಲಿ, ಕಲಂಗಳ ಮೂಲಕ, ಲೀನ್‌ಸ್ಟರ್ ಹೌಸ್ ಒಳಗೆ ಅದೇ ಮಾತನ್ನು ಹೇಳುತ್ತಿದ್ದರು. ಬೀದಿಯ ಸದ್ದಿಲ್ಲದಿದ್ದರೆ ಸದನದ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಸದನದ ಮಸೂದೆ ಇಲ್ಲದಿದ್ದರೆ ಬೀದಿಯ ಸದ್ದಿಗೆ ತೋರಿಸಲು ಒಂದು ಕಾಗದವೂ ಇರುತ್ತಿರಲಿಲ್ಲ.

ಒಮ್ಮೆ ಸೋತ ಮೇಲೆ ಸುಮ್ಮನಾದರೇ?

ಇಲ್ಲ. 1973ರ ಕೊನೆಯಲ್ಲಿ ಕುಟುಂಬ ಯೋಜನೆಯ ಮಸೂದೆ ಎಂಬ ಹೆಸರಿನಲ್ಲಿ ಮತ್ತೆ ತಂದರು. ಈ ಸಲ ಹೊರಗಿನ ಗಾಳಿ ಬದಲಾಗಿತ್ತು. ಅದೇ ವರ್ಷದ ಡಿಸೆಂಬರ್ 19ರಂದು ಮೆಗೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇನ್ನೊಂದು ಗರ್ಭ ಪ್ರಾಣಕ್ಕೇ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದ ನಾಲ್ಕು ಮಕ್ಕಳ ತಾಯಿಯೊಬ್ಬರು ಇಂಗ್ಲೆಂಡಿನಿಂದ ಅಂಚೆಯಲ್ಲಿ ತರಿಸಿಕೊಂಡಿದ್ದ ಔಷಧಿಯನ್ನು ಸುಂಕದವರು ವಶಪಡಿಸಿಕೊಂಡದ್ದು ದಂಪತಿಗಳ ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧವೆಂದು 4–1 ಬಹುಮತದಿಂದ ತೀರ್ಪು ಕೊಟ್ಟಿತು. ಆಮದಿನ ನಿಷೇಧ ಬಿತ್ತು, ಮಾರಾಟದ ನಿಷೇಧ ಉಳಿಯಿತು. ಕಾನೂನು ಎಡಬಿಡಂಗಿಯಾಯಿತು.

ರಾಬಿನ್ಸನ್ ಅವರ ಮಸೂದೆ 1974ರಲ್ಲಿ ದ್ವಿತೀಯ ವಾಚನದ ಚರ್ಚೆಯವರೆಗೆ ಬಂತು. ಮೂರು ವರ್ಷದ ಹಿಂದೆ ಅಚ್ಚಾಗಲೂ ಬಿಡದಿದ್ದ ಸದನ ಈಗ ಗಂಟೆಗಟ್ಟಲೆ ಅದೇ ವಿಷಯ ಮಾತನಾಡಿತು. ಆಗ ಸರ್ಕಾರ ತನ್ನದೇ ಮಸೂದೆಯನ್ನು ತಂದಿತು. 1974ರ ಜುಲೈ 16ರಂದು ಡಾಲ್‌ನಲ್ಲಿ ಅದು ಮತಕ್ಕೆ ಬಂದಾಗ ಪ್ರಧಾನಿ ಲಿಯಾಮ್ ಕಾಸ್‌ಗ್ರೇವ್, ಯಾರಿಗೂ ಮುನ್ಸೂಚನೆ ಕೊಡದೆ, ತಮ್ಮದೇ ಸರ್ಕಾರದ ಮಸೂದೆಯ ವಿರುದ್ಧ ಮತ ಹಾಕಿಬಿಟ್ಟರು. 61ಕ್ಕೆ 75 ಮತಗಳಿಂದ ಮಸೂದೆ ಬಿತ್ತು. ರಾಬಿನ್ಸನ್ ಅವರದೂ ದಡ ಸೇರಲಿಲ್ಲ.

ಹಾಗಾದರೆ ಕಾನೂನು ಬದಲಾದದ್ದು ಯಾವಾಗ, ಯಾರಿಂದ?

1979ರಲ್ಲಿ ಆರೋಗ್ಯ ಸಚಿವ ಚಾರ್ಲ್ಸ್ ಹಾಹಿ ತಂದ ಕಾಯ್ದೆಯಿಂದ. ಕಾಂಡೋಮಿಗೂ ವೈದ್ಯರ ಚೀಟಿ ಬೇಕು, ಅದೂ ಪ್ರಾಮಾಣಿಕವಾಗಿ ಕುಟುಂಬ ಯೋಜನೆಗೆ ಎಂದು ವೈದ್ಯರಿಗೆ ಮನವರಿಕೆಯಾಗಬೇಕು ಎಂಬುದು ಅದರ ಸಾರ. ಐರಿಷ್ ಸಮಸ್ಯೆಗೆ ಐರಿಷ್ ಪರಿಹಾರ ಎಂದು ಹಾಹಿ ಅದನ್ನು ಬಣ್ಣಿಸಿದರು. ಆ ಮಾತು ಅಲ್ಲಿ ಇಂದಿಗೂ ವ್ಯಂಗ್ಯವಾಗಿ ಬಳಕೆಯಲ್ಲಿದೆ. 1985ರಲ್ಲಿ 18 ದಾಟಿದವರಿಗೆ ಚೀಟಿಯಿಲ್ಲದೆ ಸಿಗುವಂತಾಯಿತು. 1993ರಲ್ಲಿ ಇನ್ನಷ್ಟು ಸಡಿಲಿಸಿದ ಕಾಯ್ದೆಗೆ ಅಂಕಿತ ಹಾಕಿದ ಅಧ್ಯಕ್ಷೆ, 1971ರಲ್ಲಿ ಪ್ರಥಮ ವಾಚನವನ್ನೂ ದಕ್ಕಿಸಿಕೊಳ್ಳಲಾಗದಿದ್ದ ಅದೇ ಮೇರಿ ರಾಬಿನ್ಸನ್.

ಮಂಡಿಸಿದ ದೊಡ್ಡ ಮಸೂದೆಗಳೆಲ್ಲ ಬಿದ್ದವಲ್ಲ ಸ್ವಾಮಿ, ಅದನ್ನು ಕೊಡುಗೆ ಎನ್ನುವುದು ಹೇಗೆ?

ಕೇಳಬೇಕಾದ ಪ್ರಶ್ನೆಯೇ. ಖಾಸಗಿ ಸದಸ್ಯರ ಮಸೂದೆಗಳನ್ನು ಅಂಗೀಕಾರದ ಲೆಕ್ಕದಲ್ಲಿ ಅಳೆದರೆ ನಮ್ಮ ದೇಶದ ಚಿತ್ರವೂ ಹೀಗೇ: ಸ್ವಾತಂತ್ರ್ಯಾನಂತರ ಕಾಯ್ದೆಯಾದವು ಕೇವಲ 14, ಕೊನೆಯದು 1970ರಲ್ಲಿ. ಆದರೂ ತಿರುಚ್ಚಿ ಶಿವ ಅವರ ಲಿಂಗಪರಿವರ್ತಿತರ ಹಕ್ಕುಗಳ ಮಸೂದೆಯನ್ನು ರಾಜ್ಯಸಭೆ 2015ರ ಏಪ್ರಿಲ್ 24ರಂದು ಅಂಗೀಕರಿಸಿದ ಮೇಲೆ ಸರ್ಕಾರ ತನ್ನದೇ ಮಸೂದೆಯೊಂದಿಗೆ ಬರಲೇಬೇಕಾಯಿತು.

ರಾಬಿನ್ಸನ್ ಅವರ ವಿಷಯದಲ್ಲಿ ನಡೆದದ್ದೂ ಅಂಥದ್ದೇ. ಸಚಿವರು ಮೌನವಾಗಿರಬಹುದಾದ ವಿಷಯವನ್ನು ಮಸೂದೆಯ ರೂಪದಲ್ಲಿ ಮುಂದಿಟ್ಟರೆ ಅವರು ಒಂದೋ ಒಪ್ಪಬೇಕು, ಇಲ್ಲವೇ ಯಾಕೆ ಒಪ್ಪುವುದಿಲ್ಲ ಎಂದು ಹೇಳಬೇಕು. ಹೇಳಿದ್ದು ದಾಖಲಾಗುತ್ತದೆ, ಮುಂದಿನ ಸಲ ಅದೇ ದಾಖಲೆಯನ್ನು ಹಿಡಿದು ಕೇಳಬಹುದು. ಆದರೆ ಎಲ್ಲ ಬದಲಾವಣೆಯ ಶ್ರೇಯಸ್ಸನ್ನೂ ಒಬ್ಬರ ತಲೆಗೆ ಕಟ್ಟುವ ಅಭಿಮಾನಿಗಳ ಬರಹವನ್ನು ನಾನು ಒಪ್ಪುವುದಿಲ್ಲ. ಆಮದಿನ ನಿಷೇಧವನ್ನು ಕೆಡವಿದ್ದು ಮೆಗೀ ತೀರ್ಪು; ಆ ಮೊಕದ್ದಮೆಯನ್ನು ಹೂಡಿ ಗೆದ್ದವರು ಬೇರೆ.

## ಸದನ, ನ್ಯಾಯಾಲಯ, ಯುರೋಪು

ಕೋರ್ಟಿನಲ್ಲಿಯೂ ಅವರೇ, ಸದನದಲ್ಲಿಯೂ ಅವರೇ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಲ್ಲವೇ?

ಐರಿಷ್ ಸೆನೆಟರ್‌ಗಳಿಗೆ ವೃತ್ತಿ ಮುಂದುವರಿಸಲು ಅಡ್ಡಿಯಿಲ್ಲ. ರಾಬಿನ್ಸನ್ ವಿಷಯದಲ್ಲಿ ಎರಡು ಕೆಲಸಗಳು ಒಂದಕ್ಕೊಂದು ನೀರೆರೆದವು. ಕೋರ್ಕ್‌ನ ಮಹಿಳೆಯೊಬ್ಬರು ಗಂಡನಿಂದ ಕಾನೂನುಬದ್ಧವಾಗಿ ಬೇರ್ಪಡಲು ವಕೀಲರ ಶುಲ್ಕ ಭರಿಸಲಾಗದೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದ ಏರೀ ಪ್ರಕರಣದಲ್ಲಿ ಅವರು ವಕೀಲೆ. ನ್ಯಾಯಾಲಯದ ಬಾಗಿಲು ತೆರೆದಿದೆ ಎಂದರೆ ಸಾಲದು, ಬಡವರು ಒಳಗೆ ಬರುವಂತಿರಬೇಕು ಎಂಬರ್ಥದ ತೀರ್ಪು 1979ರ ಅಕ್ಟೋಬರ್ 9ರಂದು ಬಂತು. ಅದರ ಒತ್ತಡದಿಂದ ಐರ್ಲೆಂಡಿನಲ್ಲಿ ಸಿವಿಲ್ ಮೊಕದ್ದಮೆಗಳಿಗೆ ಕಾನೂನು ನೆರವಿನ ಯೋಜನೆ ಆರಂಭವಾಯಿತು.

ವಿವಾಹದ ಹೊರಗೆ ಹುಟ್ಟಿದ ಮಕ್ಕಳ ಸ್ಥಾನಮಾನದ ಪ್ರಶ್ನೆಯನ್ನು ನೋಡಿ. ಅವರ ಜೀವನಾಂಶ ಮತ್ತು ಉತ್ತರಾಧಿಕಾರದ ಹಕ್ಕಿಗಾಗಿ 1974ರಲ್ಲೇ ಅವರು ಶಾನಡ್‌ಗೆ ಮಸೂದೆ ತಂದಿದ್ದರು. ಹನ್ನೆರಡು ವರ್ಷದ ನಂತರ ಜಾನ್‌ಸ್ಟನ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯದ ಮುಂದೆ ಅಂಥ ಕುಟುಂಬವೊಂದರ ಪರ ವಾದಿಸಿದರು. ವಿಚ್ಛೇದನದ ಹಕ್ಕಿನ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ; ಮಗುವಿನ ಸ್ಥಾನಮಾನದ ವಾದವನ್ನು ಒಪ್ಪಿತು. 1987ರ ಮಕ್ಕಳ ಸ್ಥಾನಮಾನ ಕಾಯ್ದೆ ಆ ಭೇದವನ್ನು ತೆಗೆಯಿತು. ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ ವಿಕ್ಟೋರಿಯಾ ಕಾಲದ ಕಾನೂನಿನ ವಿರುದ್ಧ ಡೇವಿಡ್ ನಾರಿಸ್ ಹೂಡಿದ ಮೊಕದ್ದಮೆಯಲ್ಲಿಯೂ ಅವರೇ ವಕೀಲೆ. ಡಬ್ಲಿನ್‌ನ ಸುಪ್ರೀಂ ಕೋರ್ಟಿನಲ್ಲಿ 1983ರಲ್ಲಿ 3–2ರಿಂದ ಸೋತದ್ದು ಸ್ಟ್ರಾಸ್‌ಬರ್ಗ್‌ನಲ್ಲಿರುವ ಅದೇ ಯುರೋಪಿನ ನ್ಯಾಯಾಲಯದಲ್ಲಿ 1988ರ ಅಕ್ಟೋಬರ್ 26ರಂದು ಗೆದ್ದಿತು. ಆ ಹೊತ್ತಿಗೆ ನಾರಿಸ್ ಅವರೂ ಅದೇ ಪದವೀಧರ ಕ್ಷೇತ್ರದಿಂದ ಸೆನೆಟರ್ ಆಗಿದ್ದರು. ಕಕ್ಷಿದಾರ ಮತ್ತು ವಕೀಲೆ ಒಂದೇ ಸದನದಲ್ಲಿ ಕೂರುತ್ತಿದ್ದರು.

ಯುರೋಪ್ ಸಮಿತಿಯಲ್ಲಿ ಅಷ್ಟು ವರ್ಷ ಕೂತು ಏನು ಮಾಡಿದರು? ಅದರ ಬಗ್ಗೆ ಯಾರೂ ಬರೆಯುವುದಿಲ್ಲವಲ್ಲ?

ಬರೆಯದಿರಲು ಕಾರಣವಿದೆ, ಅದು ನೀರಸ ಕೆಲಸ. 1973ರ ಜನವರಿ 1ರಂದು ಐರ್ಲೆಂಡ್ ಯುರೋಪಿಯನ್ ಆರ್ಥಿಕ ಸಮುದಾಯಕ್ಕೆ ಸೇರಿದ ಮೇಲೆ ಬ್ರಸೆಲ್ಸ್‌ನಿಂದ ಬರುವ ನಿಯಮ, ನಿರ್ದೇಶನಗಳ ರಾಶಿಯನ್ನು ಪರಿಶೀಲಿಸಲು ಎರಡೂ ಸದನಗಳ ಜಂಟಿ ಸಮಿತಿ ರಚನೆಯಾಯಿತು. ರಾಬಿನ್ಸನ್ 1973ರಿಂದ 1989ರವರೆಗೆ ಅದರಲ್ಲಿದ್ದರು. 1977ರಿಂದ ಹತ್ತು ವರ್ಷ ಸಾಮಾಜಿಕ ವಿಷಯಗಳ ಉಪಸಮಿತಿಯ ಅಧ್ಯಕ್ಷತೆ ಅವರದು.

ಸರ್ಕಾರಿ ನೌಕರಿಯಲ್ಲಿದ್ದ ಹೆಂಗಸು ಮದುವೆಯಾದ ದಿನ ಕೆಲಸ ಬಿಡಬೇಕೆಂಬ ನಿಯಮ ಐರ್ಲೆಂಡಿನಲ್ಲಿ ಹೋದದ್ದು 1973ರಲ್ಲಿ. ಸಮಾನ ವೇತನದ ಕಾಯ್ದೆ 1974ರಲ್ಲಿ ಬಂತು. ಖಜಾನೆಗೆ ಭಾರವೆಂದು ಅದನ್ನು ಮುಂದೂಡಲು ಸರ್ಕಾರ ಪ್ರಯತ್ನಿಸಿದಾಗ ಯುರೋಪಿನ ಆಯೋಗ ಒಪ್ಪಲಿಲ್ಲ. ಸ್ವದೇಶದ ಸದನದಲ್ಲಿ ಗೆಲ್ಲಲಾಗದ ವಾದಕ್ಕೆ ಯುರೋಪಿನ ಕಾನೂನಿನಲ್ಲಿ ಹಿಡಿ ಸಿಗಬಹುದು ಎಂಬ ತಿಳಿವಳಿಕೆ ಅವರಿಗೆ ಇಂಥ ಕಡತಗಳ ಒಡನಾಟದಿಂದಲೇ ಗಟ್ಟಿಯಾದದ್ದಿರಬೇಕು.

1983ರ ಗರ್ಭಪಾತ ತಿದ್ದುಪಡಿಯಲ್ಲಿ ಅವರ ನಿಲುವೇನು? ನಮ್ಮ ಬೆಳಗಾವಿಯ ಸವಿತಾ ಸಾವಿಗೂ ಅದಕ್ಕೂ ನಂಟಿದೆಯೇ?

ನೇರವಾದ ನಂಟಿದೆ. ಹುಟ್ಟಲಿರುವ ಜೀವದ ಹಕ್ಕನ್ನು, ತಾಯಿಯ ಜೀವದ ಸಮಾನ ಹಕ್ಕಿನೊಂದಿಗೆ, ಸಂವಿಧಾನದಲ್ಲೇ ಸೇರಿಸುವ ಎಂಟನೇ ತಿದ್ದುಪಡಿಯನ್ನು 1983ರಲ್ಲಿ ರಾಬಿನ್ಸನ್ ಶಾನಡ್‌ನಲ್ಲಿ ವಿರೋಧಿಸಿದರು. ಅವರ ಆಕ್ಷೇಪದಲ್ಲಿ ಮುಖ್ಯವಾದದ್ದು ಭಾಷೆ: ಎರಡು ಜೀವಗಳು ಸಮಾನ ಎಂದು ಬರೆದು ಬಿಟ್ಟರೆ, ಅವೆರಡರ ನಡುವೆ ಆರಿಸಲೇಬೇಕಾದ ಘಳಿಗೆಯಲ್ಲಿ ವೈದ್ಯರು ಏನು ಮಾಡಬೇಕೆಂಬುದು ಅನಿಶ್ಚಿತವಾಗಿಯೇ ಉಳಿಯುತ್ತದೆ. ಪದಗಳು ಸಂದಿಗ್ಧವಾಗಿವೆ ಎಂದು ಆಗಿನ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಅವರೂ ಎಚ್ಚರಿಸಿದ್ದರು. 1983ರ ಸೆಪ್ಟೆಂಬರ್ 7ರ ಜನಮತ ಸಂಗ್ರಹದಲ್ಲಿ ಶೇ 66.9ರಷ್ಟು ಮಂದಿ ತಿದ್ದುಪಡಿಯ ಪರ ಮತ ಹಾಕಿದರು.

ಆ ವಾಕ್ಯದ ಅರ್ಥವೇನೆಂದು ಬಿಡಿಸಿ ಹೇಳುವ ಕಾಯ್ದೆಯನ್ನು ಮುಂದಿನ ಮೂವತ್ತು ವರ್ಷ ಯಾವ ಸರ್ಕಾರವೂ ತರಲಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟು, 2010ರಲ್ಲಿ ಯುರೋಪಿನ ನ್ಯಾಯಾಲಯ ಆ ಲೋಪವನ್ನು ಎತ್ತಿ ತೋರಿಸಿದವು. 2012ರ ಅಕ್ಟೋಬರ್‌ನಲ್ಲಿ, ಗಾಲ್ವೇಯಲ್ಲಿ ನೆಲೆಸಿದ್ದ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್, ತಮ್ಮ 17 ವಾರಗಳ ಗರ್ಭ ಉಳಿಯುವುದಿಲ್ಲವೆಂದು ಖಚಿತವಾದಾಗ ಗರ್ಭಪಾತ ಮಾಡುವಂತೆ ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿರುವ ತನಕ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಸಿಕ್ಕಿತು. ರಕ್ತಕ್ಕೆ ನಂಜೇರಿ ಅಕ್ಟೋಬರ್ 28ರಂದು ಅವರು ತೀರಿಕೊಂಡಾಗ ವಯಸ್ಸು 31. ಮರುವರ್ಷ ಅರೆಮನಸ್ಸಿನ ಕಾಯ್ದೆಯೊಂದು ಬಂತು. 2018ರ ಮೇ 25ರಂದು ಶೇ 66.4 ಮತಗಳೊಂದಿಗೆ ಎಂಟನೇ ತಿದ್ದುಪಡಿಯನ್ನೇ ಕಿತ್ತುಹಾಕಲಾಯಿತು. ಎರಡೂ ಜನಮತಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಅನುಪಾತ, ದಿಕ್ಕು ಮಾತ್ರ ತಿರುಗುಮುರುಗು.

ಪಕ್ಷೇತರ ಅಂದಿರಿ, ಲೇಬರ್ ಪಕ್ಷದಲ್ಲಿದ್ದರು ಎಂದೂ ಓದಿದ್ದೇನೆ. ಯಾವುದು ಸರಿ?

ಎರಡೂ. 1976ರಲ್ಲಿ ಲೇಬರ್ ಸೇರಿದರು. 1977 ಮತ್ತು 1981ರಲ್ಲಿ ಡಾಲ್‌ಗೆ ಸ್ಪರ್ಧಿಸಿ ಎರಡು ಸಲವೂ ಸೋತು, ಸೆನೆಟ್‌ನಲ್ಲೇ ಉಳಿದರು. 1985ರ ನವೆಂಬರ್ 15ರಂದು ಲಂಡನ್ ಮತ್ತು ಡಬ್ಲಿನ್ ಸರ್ಕಾರಗಳು ಉತ್ತರ ಐರ್ಲೆಂಡಿನ ಬಗ್ಗೆ ಒಪ್ಪಂದ ಮಾಡಿಕೊಂಡಾಗ, ಬ್ರಿಟನ್ನಿನ ಜೊತೆಗೇ ಉಳಿಯಬೇಕೆನ್ನುವ ಅಲ್ಲಿನ ಯೂನಿಯನಿಸ್ಟರನ್ನು ಹೊರಗಿಟ್ಟು ಮಾಡಿದ ಒಪ್ಪಂದ ಸರಿಯಲ್ಲವೆಂದು ಪಕ್ಷ ಬಿಟ್ಟು ಮತ್ತೆ ಪಕ್ಷೇತರರಾದರು. ಆಗ ಲೇಬರ್ ಸರ್ಕಾರದ ಪಾಲುದಾರ ಪಕ್ಷವಾಗಿತ್ತು ಎಂಬುದನ್ನು ಗಮನಿಸಬೇಕು.

## ಆಳಕ್ಕೆ ಇಳಿಯುವವರಿಗೆ

ಪದವೀಧರರಿಗೆ ಮಾತ್ರ ಸೀಟು ಎನ್ನುವುದೇ ಅನ್ಯಾಯವಲ್ಲವೇ?

ಅನ್ಯಾಯವೆಂದು ವಾದಿಸಲು ಬಲವಾದ ಕಾರಣಗಳಿವೆ, ಐರ್ಲೆಂಡಿನಲ್ಲಿ ಅದು ದಶಕಗಳಿಂದ ನಡೆದಿರುವ ವಾದ. ಟ್ರಿನಿಟಿಗೆ ಮೂರು, ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ ಮೂರು. ಉಳಿದ ಸಂಸ್ಥೆಗಳ ಪದವೀಧರರಿಗೆ ಸೊನ್ನೆ. ಇದನ್ನು ವಿಸ್ತರಿಸಲು 1979ರಲ್ಲೇ ಸಂವಿಧಾನಕ್ಕೆ ತಿದ್ದುಪಡಿ ತಂದರೂ ಕಾಯ್ದೆ ಬರಲಿಲ್ಲ. 2013ರ ಅಕ್ಟೋಬರ್ 4ರಂದು ಶಾನಡ್ ಅನ್ನೇ ರದ್ದುಪಡಿಸುವ ಪ್ರಸ್ತಾಪವನ್ನು ಶೇ 51.7 ಮತದಾರರು ತಿರಸ್ಕರಿಸಿದರು. 2023ರಲ್ಲಿ ಸುಪ್ರೀಂ ಕೋರ್ಟು ವಿಶ್ವವಿದ್ಯಾಲಯ ಸ್ಥಾನಗಳ ಕಾನೂನು ಅಸಾಂವಿಧಾನಿಕವೆಂದ ಮೇಲೆ, 2024ರಲ್ಲಿ ಎರಡು ಕ್ಷೇತ್ರಗಳನ್ನೂ ಸೇರಿಸಿ ಆರು ಸ್ಥಾನಗಳ ಒಂದೇ ಉನ್ನತ ಶಿಕ್ಷಣ ಕ್ಷೇತ್ರವನ್ನಾಗಿಸುವ ಕಾಯ್ದೆ ಬಂತು. 2025ರ ಜನವರಿಯ ಚುನಾವಣೆ ಹಳೆಯ ರೀತಿಯಲ್ಲೇ ಮುಗಿದಿದೆ. ರಾಬಿನ್ಸನ್, ನಾರಿಸ್ ಇಬ್ಬರೂ ಈ ಅಸಮ ವ್ಯವಸ್ಥೆಯ ಫಲ. ವ್ಯವಸ್ಥೆ ತಪ್ಪಾಗಿದ್ದೂ ಫಲ ಒಳ್ಳೆಯದಾಗಿರಬಹುದು, ಅದರಿಂದ ವ್ಯವಸ್ಥೆ ಸರಿಯಾಗುವುದಿಲ್ಲ. ಏಳು ಪದವೀಧರ, ಏಳು ಶಿಕ್ಷಕ ಸ್ಥಾನಗಳನ್ನು ಇಟ್ಟುಕೊಂಡಿರುವ ನಮ್ಮ ಪರಿಷತ್ತಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಬರಬೇಕು.

ನಮ್ಮ ಸಂವಿಧಾನ ಐರ್ಲೆಂಡಿನಿಂದ ತಂದದ್ದರಲ್ಲಿ ಮೇಲ್ಮನೆಯ ವಿಷಯವೂ ಇದೆಯೇ?

ಇದೆ. ರಾಜ್ಯನೀತಿಯ ನಿರ್ದೇಶಕ ತತ್ತ್ವಗಳು ಅಲ್ಲಿಂದ ಬಂದದ್ದು ಎಲ್ಲ ಪಠ್ಯಪುಸ್ತಕಗಳಲ್ಲೂ ಇರುತ್ತದೆ. ರಾಜ್ಯಸಭೆಗೆ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯ 12 ಮಂದಿಯನ್ನು ನಾಮನಿರ್ದೇಶನ ಮಾಡುವ ಪದ್ಧತಿಯ ಮೂಲವನ್ನೂ 1937ರ ಐರಿಷ್ ಸಂವಿಧಾನದಲ್ಲೇ ಗುರುತಿಸಲಾಗುತ್ತದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಡಬ್ಲಿನ್‌ಗೂ ಹೋಗಿ ಆಗಿನ ಐರಿಷ್ ಪ್ರಧಾನಿ ಎಮನ್ ಡಿ ವಲೇರಾ ಅವರನ್ನು ಕಂಡು ಬಂದಿದ್ದರು.

ಸೆನೆಟರ್ ಎಷ್ಟು ಸಲ ಮಾತಾಡಿದರು ಎಂಬ ಲೆಕ್ಕ ತೆಗೆದರೆ ಅವರ ಕೆಲಸ ಗೊತ್ತಾಗುವುದಿಲ್ಲವೇ?

ಗೊತ್ತಾಗುವುದು ಬಹಳ ಕಡಿಮೆ. ಶಾನಡ್‌ನಲ್ಲಿ ಪ್ರತಿ ದಿನದ ಆರಂಭದಲ್ಲಿ ಆ ದಿನದ ಕಲಾಪವನ್ನು ನಿಗದಿಪಡಿಸುವ ಹೊತ್ತಿನಲ್ಲಿ ಸದಸ್ಯರು ರಸ್ತೆ ಗುಂಡಿಯಿಂದ ಹಿಡಿದು ಅಂತರರಾಷ್ಟ್ರೀಯ ಯುದ್ಧದವರೆಗೆ ಎರಡೆರಡು ನಿಮಿಷ ಮಾತಾಡುತ್ತಾರೆ. ನಮ್ಮ ಶೂನ್ಯವೇಳೆಗೆ ಹೋಲಿಸಬಹುದು. ಅಲ್ಲಿ ದಿನಾ ಎದ್ದು ನಿಲ್ಲುವವರ ಲೆಕ್ಕ ದೊಡ್ಡದಾಗಿ ಕಾಣುತ್ತದೆ. ದ್ವಿತೀಯ ವಾಚನದ ಒಂದು ದೀರ್ಘ ಭಾಷಣ ಲೆಕ್ಕದಲ್ಲಿ ಒಂದೇ. ಸಮಿತಿ ಹಂತದಲ್ಲಿ ‘ಮತ್ತು’ ಇರುವಲ್ಲಿ ‘ಅಥವಾ’ ಇರಬೇಕೆಂದು ಸಚಿವರೊಂದಿಗೆ ಮಾಡಿದ ಹಗ್ಗಜಗ್ಗಾಟದಿಂದ ಸಾವಿರಾರು ಜನರ ಬದುಕು ಬದಲಾಗಬಹುದು. ಲೆಕ್ಕದ ಪಟ್ಟಿಗೆ ಅದು ನಾಲ್ಕು ಸಾಲಿನ ಮಾತು ಅಷ್ಟೆ.

ನಡಾವಳಿಯನ್ನು ನಾನೇ ಓದಬೇಕು ಎಂದರೆ ಎಲ್ಲಿಂದ ಶುರು ಮಾಡಲಿ? ‘ತಾ’, ‘ನೀಲ್’ ಎಂದು ಬರುತ್ತದಲ್ಲ, ಅದೇನು?

ಶಾನಡ್‌ನ ನಡಾವಳಿ 1922ರಿಂದ ಇಂದಿನವರೆಗೆ ಐರಿಷ್ ಸಂಸತ್ತಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ರಾಬಿನ್ಸನ್ ಅವರ ಹೆಸರು ಹಾಕಿ ಹುಡುಕಿ ಸಿಕ್ಕಿದ್ದನ್ನೆಲ್ಲ ಓದಲು ಕೂತರೆ ದಾರಿ ತಪ್ಪುತ್ತದೆ. 1974ರ ಕುಟುಂಬ ಯೋಜನೆ ಮಸೂದೆಯ ದ್ವಿತೀಯ ವಾಚನದಿಂದ ಆರಂಭಿಸಿ, ಮೊದಲು ಅವರ ಭಾಷಣ, ಆಮೇಲೆ ಅವರನ್ನು ವಿರೋಧಿಸಿದವರ ಭಾಷಣ ಓದುವುದು ಒಳ್ಳೆಯದು. ವಿರೋಧಿಗಳ ಮಾತಿನಲ್ಲಿ ಆ ಕಾಲದ ಭಯ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಂದ 1983ರ ತಿದ್ದುಪಡಿಯ ಚರ್ಚೆಗೆ ಬನ್ನಿ.

ಮತದಾನ ನಡೆದ ಕಡೆಯಲ್ಲೆಲ್ಲ ಪುಟದಲ್ಲಿ ಹೆಸರುಗಳ ಎರಡು ಪಟ್ಟಿ ಇರುತ್ತದೆ. ಒಂದರ ಮೇಲೆ ‘ತಾ’, ಇನ್ನೊಂದರ ಮೇಲೆ ‘ನೀಲ್’. ಚರ್ಚೆ ಪೂರ್ತಿ ಇಂಗ್ಲಿಷಿನಲ್ಲಿ ನಡೆದಿದ್ದರೂ ಈ ಎರಡು ಪದ ಮಾತ್ರ ಐರಿಷ್‌ನಲ್ಲೇ. ಇಂಗ್ಲಿಷಿನ ಹೌದು, ಅಲ್ಲಗಳಿಗೆ ಸಮನಾದ ಒಂಟಿ ಪದಗಳು ಐರಿಷ್‌ನಲ್ಲಿ ಇಲ್ಲ. ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಉತ್ತರ ಕೊಡುತ್ತಾರೆ, ನಾವು ‘ಬಂದೆಯಾ?’ ಎಂದರೆ ‘ಬಂದೆ’ ಎನ್ನುವ ಹಾಗೆ. ‘ತಾ’ ಎಂದರೆ ಇದೆ, ‘ನೀಲ್’ ಎಂದರೆ ಇಲ್ಲ. ಪಟ್ಟಿಗಳ ಕೆಳಗೆ ಎರಡೂ ಕಡೆಯ ಮತ ಎಣಿಸಿದವರ ಹೆಸರು, ಅದರ ಕೆಳಗೆ ನಿರ್ಣಯ ಬಿತ್ತು ಅಥವಾ ಗೆದ್ದಿತು ಎಂಬ ಒಂದು ಸಾಲು. ಭಾಷಣ ಮಾಡದೆ ಮತ ಮಾತ್ರ ಹಾಕಿ ಹೋದ ಸದಸ್ಯರನ್ನು ಹುಡುಕಬೇಕಾದದ್ದು ಈ ಪಟ್ಟಿಯಲ್ಲೇ.